ವೃದ್ಧಾಶ್ರಮಗಳಲ್ಲಿ ಕ್ಯಾಮೆರಾ ಕಣ್ಗಾವಲು

ವೃದ್ಧಾಶ್ರಮಗಳಲ್ಲಿ ಕ್ಯಾಮೆರಾ ಕಣ್ಗಾವಲು ಎಂದರೆ ಹಿರಿಯ ನಾಗರಿಕರು ವಾಸಿಸುವ ಆರೈಕೆ ಗೃಹಗಳಲ್ಲಿ ನಿವಾಸಿಗಳ ಸುರಕ್ಷತೆ, ಸಿಬ್ಬಂದಿಯ ನಡವಳಿಕೆ ಹಾಗೂ ಆವರಣದ ಭದ್ರತೆಯನ್ನು ಗಮನಿಸಲು ಸಿಸಿಟಿವಿ ಮೊದಲಾದ ದೃಶ್ಯ ಸಾಧನಗಳನ್ನು ಬಳಸುವ ವ್ಯವಸ್ಥೆ. ಬೀಳುವಿಕೆ, ದೌರ್ಜನ್ಯ, ಕಳ್ಳತನ ಮತ್ತು ಮರೆವಿನ ಕಾಯಿಲೆಯುಳ್ಳವರು ದಾರಿ ತಪ್ಪಿ ಹೊರಹೋಗುವ ಸಂಭವಗಳನ್ನು ಎದುರಿಸುವುದು ಇದರ ಮುಖ್ಯ ಉದ್ದೇಶ. ಆದರೆ ವೃದ್ಧಾಶ್ರಮವು ಆಸ್ಪತ್ರೆಯಲ್ಲ, ಕಚೇರಿಯೂ ಅಲ್ಲ. ಅಲ್ಲಿ ವಾಸಿಸುವವರಿಗೆ ಅದೇ ಮನೆ. ಆದ್ದರಿಂದ ಸುರಕ್ಷತೆಗಾಗಿ ಅಳವಡಿಸಿದ ಕ್ಯಾಮೆರಾ ನಿವಾಸಿಯ ಖಾಸಗಿತನವನ್ನು ಎಷ್ಟರಮಟ್ಟಿಗೆ ಮೊಟಕುಗೊಳಿಸಬಹುದು, ಅದಕ್ಕೆ ಸಮ್ಮತಿ ನೀಡಬೇಕಾದವರು ಯಾರು, ದೃಶ್ಯಗಳನ್ನು ಯಾರು ನೋಡಬಹುದು ಎಂಬ ಪ್ರಶ್ನೆಗಳು ಇದರೊಂದಿಗೆ ಸೇರಿಕೊಂಡಿವೆ.

ಹಿನ್ನೆಲೆ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 60 ವರ್ಷ ಮೇಲ್ಪಟ್ಟವರ ಸಂಖ್ಯೆ ಸುಮಾರು 10.4 ಕೋಟಿ. ಒಟ್ಟು ಜನಸಂಖ್ಯೆಯಲ್ಲಿ ಅವರ ಪಾಲು ಶೇ. 8.6 ಆಗಿದ್ದರೆ, ಕರ್ನಾಟಕದಲ್ಲಿ ಅದು ಶೇ. 9.5. ಉದ್ಯೋಗಕ್ಕಾಗಿ ಮಕ್ಕಳು ದೂರದ ನಗರಗಳಿಗೆ ತೆರಳುವುದು, ಕೂಡುಕುಟುಂಬಗಳು ಒಡೆಯುವುದು ಮತ್ತು ಆಯುರ್ಮಾನ ಹೆಚ್ಚುವುದು ವೃದ್ಧಾಶ್ರಮಗಳ ಬೇಡಿಕೆಯನ್ನು ಹೆಚ್ಚಿಸಿವೆ.

ಕಣ್ಗಾವಲಿನ ಬೇಡಿಕೆಗೆ ಎರಡು ಕಾರಣಗಳಿವೆ. ಮೊದಲನೆಯದು ದೌರ್ಜನ್ಯದ ಭೀತಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಸಮುದಾಯದಲ್ಲಿ ವಾಸಿಸುವ 60 ವರ್ಷ ಮೇಲ್ಪಟ್ಟ ಆರು ಜನರಲ್ಲಿ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಯಾವುದಾದರೊಂದು ಬಗೆಯ ದೌರ್ಜನ್ಯಕ್ಕೆ ಒಳಗಾಗುತ್ತಾರೆ. ಆರೈಕೆ ಸಂಸ್ಥೆಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಮೂವರು ಸಿಬ್ಬಂದಿಯಲ್ಲಿ ಇಬ್ಬರು ಹಿಂದಿನ ಒಂದು ವರ್ಷದಲ್ಲಿ ತಾವೇ ಅಂತಹ ವರ್ತನೆ ತೋರಿದ್ದಾಗಿ ಹೇಳಿದ್ದಾರೆ. 2025ರ ಜೂನ್‌ನಲ್ಲಿ ಉತ್ತರ ಪ್ರದೇಶದ ನೋಯ್ಡಾದ ವೃದ್ಧಾಶ್ರಮವೊಂದರಲ್ಲಿ ವೃದ್ಧೆಯೊಬ್ಬರ ಕೈ ಕಟ್ಟಿಹಾಕಿದ್ದ ವಿಡಿಯೊ ಹರಡಿದ ಬಳಿಕವೇ ರಾಜ್ಯ ಮಹಿಳಾ ಆಯೋಗ ಅಲ್ಲಿಗೆ ತೆರಳಿ ತಪಾಸಣೆ ನಡೆಸಿತು.

ಎರಡನೆಯ ಕಾರಣ ಅಪಘಾತ. ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6.84 ಲಕ್ಷ ಜನರು ಬಿದ್ದು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇಂತಹ ಸಾವಿನ ಪ್ರಮಾಣ 60 ದಾಟಿದವರಲ್ಲಿ ಅತ್ಯಧಿಕ. ರಾತ್ರಿ ಶೌಚಕ್ಕೆಂದು ಎದ್ದು ಬಿದ್ದವರು ಬೆಳಗಿನವರೆಗೆ ಯಾರ ಗಮನಕ್ಕೂ ಬಾರದೆ ಉಳಿಯುವ ಸಾಧ್ಯತೆಯೇ ಕುಟುಂಬಗಳ ದೊಡ್ಡ ಆತಂಕ.

ಪ್ರಯೋಜನಗಳು ಮತ್ತು ಮಿತಿಗಳು

ಕ್ಯಾಮೆರಾದ ಪ್ರಯೋಜನಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಸಿಬ್ಬಂದಿ ಪರದೆಯನ್ನು ನೋಡುತ್ತಿದ್ದರೆ ಅಪಾಯವನ್ನು ಕೂಡಲೇ ಗಮನಿಸಬಹುದು. ಘಟನೆ ನಡೆದ ಬಳಿಕ ನಿಜಾಂಶವನ್ನು ತಿಳಿಯಬಹುದು. ತಮ್ಮ ಕೆಲಸ ದಾಖಲಾಗುತ್ತಿದೆ ಎಂಬ ಅರಿವಿನಿಂದ ಸಿಬ್ಬಂದಿ ಎಚ್ಚರಿಕೆಯಿಂದ ವರ್ತಿಸಬಹುದು. ಸುಳ್ಳು ಆಪಾದನೆಗೆ ಗುರಿಯಾದ ಆರೈಕೆದಾರರಿಗೂ ದೃಶ್ಯ ದಾಖಲೆಯು ರಕ್ಷಣೆ ನೀಡುತ್ತದೆ.

ಇವುಗಳ ಮಿತಿಗಳೂ ಅಷ್ಟೇ ಸ್ಪಷ್ಟ. ಕ್ಯಾಮೆರಾ ಬಿದ್ದವರನ್ನು ಎತ್ತುವುದಿಲ್ಲ. ಪರದೆಯ ಮುಂದೆ ಯಾರೂ ಇಲ್ಲದಿದ್ದರೆ ಅದು ಘಟನೆಯನ್ನು ದಾಖಲಿಸುತ್ತದೆಯೇ ಹೊರತು ತಡೆಯುವುದಿಲ್ಲ. ಬೈಗುಳ, ಅಲಕ್ಷ್ಯ, ಊಟ ತಡಮಾಡುವುದು, ಕರೆದರೂ ಬಾರದಿರುವುದು ಮೊದಲಾದವು ಧ್ವನಿಯಿಲ್ಲದ ದೃಶ್ಯದಲ್ಲಿ ಸುಲಭವಾಗಿ ಕಾಣುವುದಿಲ್ಲ. ದೌರ್ಜನ್ಯವು ಕ್ಯಾಮೆರಾ ಇರುವ ಪಡಸಾಲೆಯಿಂದ ಕ್ಯಾಮೆರಾ ಇಲ್ಲದ ಸ್ನಾನಗೃಹಕ್ಕೆ ಸ್ಥಳಾಂತರಗೊಳ್ಳುವ ಅಪಾಯವೂ ಇದೆ. ಸಿಬ್ಬಂದಿಯ ಕೊರತೆಯನ್ನು ಕ್ಯಾಮೆರಾದಿಂದ ತುಂಬಲು ಹೊರಟಾಗ ಉಪಕರಣವೇ ಅಲಕ್ಷ್ಯಕ್ಕೆ ನೆಪವಾಗುತ್ತದೆ ಎಂಬುದು ಈ ವ್ಯವಸ್ಥೆಯ ಮೇಲಿರುವ ಪ್ರಮುಖ ಟೀಕೆ.

ಖಾಸಗಿತನದ ಹಕ್ಕು

ಭಾರತದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಘೋಷಿತವಾದ ಮೊಕದ್ದಮೆಯ ಅರ್ಜಿದಾರರೇ ಒಬ್ಬ ಹಿರಿಯ ನಾಗರಿಕರಾಗಿದ್ದರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಸಂವಿಧಾನದ 21ನೆಯ ವಿಧಿಯಡಿ ಜೀವಿಸುವ ಹಕ್ಕು ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಅವಿಭಾಜ್ಯ ಅಂಗವೆಂದು ಸರ್ವಾನುಮತದಿಂದ ತೀರ್ಪು ನೀಡಿತು. ಪುಟ್ಟಸ್ವಾಮಿ ಅವರು 2024ರ ಅಕ್ಟೋಬರ್‌ನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ನಿಧನರಾದರು.

ಈ ತೀರ್ಪಿನ ಎರಡು ಅಂಶಗಳು ವೃದ್ಧಾಶ್ರಮಗಳ ಚರ್ಚೆಗೆ ಹತ್ತಿರವಾದವು. ಖಾಸಗಿತನವು ವ್ಯಕ್ತಿಗೆ ಸೇರಿದ್ದೇ ಹೊರತು ಕೇವಲ ಸ್ಥಳಕ್ಕಲ್ಲ. ಹತ್ತು ಜನ ಒಂದೇ ಕೋಣೆಯಲ್ಲಿ ಮಲಗುತ್ತಾರೆ ಎಂಬ ಕಾರಣಕ್ಕೆ ಅದು ಇಲ್ಲವಾಗುವುದಿಲ್ಲ. ಹಾಗೆಯೇ ಅದು ನಿರ್ಬಂಧಾತೀತವಾದ ಹಕ್ಕೂ ಅಲ್ಲ. ರಾಜ್ಯವು ಅದನ್ನು ನಿರ್ಬಂಧಿಸಬೇಕಾದರೆ ಕಾನೂನಿನ ಆಧಾರ, ನ್ಯಾಯಯುತ ಉದ್ದೇಶ ಮತ್ತು ಉದ್ದೇಶಕ್ಕೆ ತಕ್ಕ ಪ್ರಮಾಣ ಇವು ಇರಬೇಕು. ಈ ಮೂರನೆಯ ಅಂಶವನ್ನು ಅನುಪಾತ ತತ್ತ್ವ ಎನ್ನುತ್ತಾರೆ. ಕಡಿಮೆ ಹಸ್ತಕ್ಷೇಪದ ಉಪಾಯದಿಂದ ಅದೇ ಸುರಕ್ಷತೆ ದೊರೆಯುವಂತಿದ್ದರೆ ಹೆಚ್ಚಿನ ಹಸ್ತಕ್ಷೇಪ ಸಲ್ಲದು ಎಂಬುದು ಇದರ ಸಾರ. ಖಾಸಗಿ ಸಂಸ್ಥೆಗಳ ನಿಯಮಾವಳಿ ರೂಪಿಸುವಾಗಲೂ ಇದು ಉಪಯುಕ್ತ ಅಳತೆಗೋಲಾಗಿದೆ.

ಅನ್ವಯವಾಗುವ ಕಾನೂನುಗಳು

ವೃದ್ಧಾಶ್ರಮದ ಕ್ಯಾಮೆರಾಗಳಿಗೆಂದೇ ರೂಪಿಸಿದ ಕೇಂದ್ರ ಕಾನೂನು ಭಾರತದಲ್ಲಿಲ್ಲ. ಹಲವು ಕಾನೂನುಗಳ ಭಾಗಗಳನ್ನು ಒಟ್ಟಿಗೆ ಓದಬೇಕಾಗುತ್ತದೆ.

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007: ಇದರ 19ನೆಯ ಪ್ರಕರಣವು ನಿರ್ಗತಿಕ ಹಿರಿಯರಿಗಾಗಿ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಜನರ ವಸತಿಯ ಒಂದು ವೃದ್ಧಾಶ್ರಮವನ್ನು ಸ್ಥಾಪಿಸುವ ವಿಷಯವನ್ನು ಒಳಗೊಂಡಿದೆ. ಆರೈಕೆ ಗೃಹಗಳ ನೋಂದಣಿ ಮತ್ತು ಕನಿಷ್ಠ ಗುಣಮಟ್ಟವನ್ನು ಕಡ್ಡಾಯಗೊಳಿಸುವ ತಿದ್ದುಪಡಿ ಮಸೂದೆಯು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದರೂ ಆ ಲೋಕಸಭೆಯ ಅವಧಿಯಲ್ಲಿ ಅಂಗೀಕಾರವಾಗಲಿಲ್ಲ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023: ವ್ಯಕ್ತಿಯನ್ನು ಗುರುತಿಸಬಹುದಾದ ದೃಶ್ಯಮುದ್ರಣವು ವೈಯಕ್ತಿಕ ದತ್ತಾಂಶವೆನಿಸುತ್ತದೆ. ಸಮ್ಮತಿಯು ಮುಕ್ತ, ನಿರ್ದಿಷ್ಟ, ತಿಳಿವಳಿಕೆಯುಕ್ತ, ನಿಶ್ಶರ್ತ ಹಾಗೂ ಅಸಂದಿಗ್ಧವಾಗಿರಬೇಕು. ಅದನ್ನು ಹಿಂಪಡೆಯುವ ಅವಕಾಶವೂ ಇರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡಿದ್ದು, ಸಂಸ್ಥೆಗಳ ಮುಖ್ಯ ಕರ್ತವ್ಯಗಳು 18 ತಿಂಗಳ ಬಳಿಕ ಜಾರಿಗೆ ಬರುವಂತೆ ಹಂತಗಳನ್ನು ನಿಗದಿಪಡಿಸಲಾಗಿದೆ. ವ್ಯಕ್ತಿಯೊಬ್ಬರು ಸ್ವಂತ ಅಥವಾ ಗೃಹಕೃತ್ಯದ ಉದ್ದೇಶಕ್ಕೆ ಬಳಸುವ ದತ್ತಾಂಶಕ್ಕೆ ವಿನಾಯಿತಿ ಇದೆ. ವೃದ್ಧಾಶ್ರಮವನ್ನು ನಡೆಸುವ ಸಂಸ್ಥೆಗೆ ಆ ವಿನಾಯಿತಿ ದೊರೆಯುವುದಿಲ್ಲ.

ದಂಡನೀಯ ಅಪರಾಧಗಳು: ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 66ಇ ಪ್ರಕರಣದ ಪ್ರಕಾರ, ಯಾವುದೇ ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರವನ್ನು ಸಮ್ಮತಿಯಿಲ್ಲದೆ ಸೆರೆಹಿಡಿಯುವುದು ಅಥವಾ ಹರಡುವುದು ಮೂರು ವರ್ಷಗಳವರೆಗಿನ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ. ಖಾಸಗಿ ಕ್ರಿಯೆಯಲ್ಲಿ ತೊಡಗಿರುವ ಮಹಿಳೆಯನ್ನು ಕದ್ದು ನೋಡುವುದು ಮತ್ತು ಚಿತ್ರೀಕರಿಸುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಪ್ರಕರಣದಡಿ ಶಿಕ್ಷಾರ್ಹ. ವಯಸ್ಸಾದವರಿಗೆ ಈ ರಕ್ಷಣೆ ಕಡಿಮೆಯಾಗುವುದಿಲ್ಲ.

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017: ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ವ್ಯಕ್ತಿಯ ಛಾಯಾಚಿತ್ರವನ್ನು ಸಮ್ಮತಿಯಿಲ್ಲದೆ ಮಾಧ್ಯಮಗಳಿಗೆ ನೀಡುವಂತಿಲ್ಲ. ಡಿಜಿಟಲ್ ರೂಪದಲ್ಲಿ ಸಂಗ್ರಹಿಸಿದ ಮಾಹಿತಿಗೂ ಗೋಪ್ಯತೆಯ ಹಕ್ಕು ಅನ್ವಯಿಸುತ್ತದೆ.

ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಅಧಿನಿಯಮ, 2017: ಏಕಕಾಲಕ್ಕೆ 100 ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಅಳವಡಿಸಿ 30 ದಿನಗಳ ದೃಶ್ಯಗಳನ್ನು ಉಳಿಸಬೇಕೆಂದು ಇದು ವಿಧಿಸುತ್ತದೆ. ಸಣ್ಣ ವೃದ್ಧಾಶ್ರಮಗಳು ಸಾಮಾನ್ಯವಾಗಿ ಈ ಮಿತಿಯನ್ನು ತಲುಪುವುದಿಲ್ಲವಾದ್ದರಿಂದ, ಕ್ಯಾಮೆರಾ ಹಾಕುವುದು ಬಹುತೇಕ ಆಡಳಿತ ಮಂಡಳಿಯ ಸ್ವಂತ ತೀರ್ಮಾನವಾಗಿರುತ್ತದೆ.

ಸಮ್ಮತಿ

ಶುಲ್ಕ ಕಟ್ಟುವವರು ಮಕ್ಕಳು, ಆಶ್ರಮ ನಡೆಸುವವರು ಸಂಸ್ಥೆಯವರು. ಆದರೆ ಕ್ಯಾಮೆರಾದ ಕಣ್ಣಿನ ಕೆಳಗೆ ದಿನ ಕಳೆಯುವವರು ನಿವಾಸಿಗಳು. ಆದ್ದರಿಂದ ಸಮ್ಮತಿಯ ಪ್ರಶ್ನೆಯಲ್ಲಿ ನಿವಾಸಿಯ ಮಾತೇ ಮೊದಲನೆಯದು. ಪ್ರಾಪ್ತವಯಸ್ಕ ಮಗ ಅಥವಾ ಮಗಳು ಎಂಬ ಮಾತ್ರಕ್ಕೆ, ತಿಳಿವಳಿಕೆಯುಳ್ಳ ತಂದೆತಾಯಿಗಳ ಪರವಾಗಿ ಸಮ್ಮತಿ ನೀಡುವ ಅಧಿಕಾರ ಬರುವುದಿಲ್ಲ. ಪ್ರವೇಶದ ದಿನವೇ ಹತ್ತಾರು ಕಾಗದಗಳ ನಡುವೆ ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರವನ್ನು ತಿಳಿವಳಿಕೆಯುಕ್ತ ಸಮ್ಮತಿ ಎನ್ನಲಾಗದು. ಬೇರೆಲ್ಲೂ ಆಸರೆಯಿಲ್ಲದ ವ್ಯಕ್ತಿಗೆ ಕ್ಯಾಮೆರಾ ಒಪ್ಪಿದರೆ ಮಾತ್ರ ಪ್ರವೇಶ ಎಂದಾಗಲೂ ಆ ಒಪ್ಪಿಗೆಯ ಮುಕ್ತತೆ ಪ್ರಶ್ನಾರ್ಹವಾಗುತ್ತದೆ.

ಮರೆವಿನ ಕಾಯಿಲೆಯುಳ್ಳವರ ವಿಷಯದಲ್ಲಿ ಇದು ಇನ್ನಷ್ಟು ಜಟಿಲ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಭಾರತದಲ್ಲಿ 60 ವರ್ಷ ಮೇಲ್ಪಟ್ಟವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರು, ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ. ಇವರಲ್ಲಿ ಎಲ್ಲರೂ ಎಲ್ಲ ಕಾಲಕ್ಕೂ ತೀರ್ಮಾನ ಕೈಗೊಳ್ಳಲು ಅಸಮರ್ಥರಲ್ಲ. ಕಾಯಿಲೆಯ ಆರಂಭದಲ್ಲಿಯೇ ಅವರ ಇಚ್ಛೆಯನ್ನು ಕೇಳಿ ಬರೆದಿಡುವುದು, ಮುಂದೆ ಅವರ ನಡೆನುಡಿಯಲ್ಲಿ ಕಾಣುವ ವಿರೋಧವನ್ನು ಗಮನಿಸುವುದು ಉತ್ತಮ ಪದ್ಧತಿ. ಕಾನೂನುಬದ್ಧ ಪಾಲಕರು ಇರುವಲ್ಲಿ ಅವರು ನೀಡುವ ಸಮ್ಮತಿಯೂ ನಿವಾಸಿಯ ಹಿತಕ್ಕೆ ಒಳಪಟ್ಟಿರಬೇಕು. ಒಂದೇ ಕೋಣೆಯಲ್ಲಿ ಇಬ್ಬರಿದ್ದರೆ ಒಬ್ಬರ ಒಪ್ಪಿಗೆ ಇನ್ನೊಬ್ಬರನ್ನು ಬಂಧಿಸುವುದಿಲ್ಲ.

ಸ್ಥಳಗಳ ವಿಂಗಡಣೆ

ಎಲ್ಲಿ ಕ್ಯಾಮೆರಾ ಇರಬಹುದು ಎಂಬುದನ್ನು ಸಾಮಾನ್ಯವಾಗಿ ಮೂರು ವಲಯಗಳಾಗಿ ವಿಂಗಡಿಸಲಾಗುತ್ತದೆ.

• ಸಾಮಾನ್ಯ ವಲಯ: ಹೆಬ್ಬಾಗಿಲು, ಅಂಗಳ, ಪಡಸಾಲೆ, ಮೆಟ್ಟಿಲು, ಓಣಿಯಂತಹ ಹಾದಿಗಳು, ಅಡುಗೆಮನೆಯ ಬಾಗಿಲು, ಔಷಧಿಯ ಕಪಾಟು. ಸೂಚನಾ ಫಲಕದೊಂದಿಗೆ ಇಲ್ಲಿ ಕ್ಯಾಮೆರಾ ಇರುವುದಕ್ಕೆ ಹೆಚ್ಚಿನ ಆಕ್ಷೇಪವಿಲ್ಲ.
• ಮಧ್ಯಮ ವಲಯ: ಮಲಗುವ ಕೋಣೆ ಮತ್ತು ಸಾಮೂಹಿಕ ಶಯನಾಲಯ. ಪ್ರತಿಯೊಬ್ಬ ನಿವಾಸಿಯ ಪ್ರತ್ಯೇಕ ಸಮ್ಮತಿ, ನಿರ್ದಿಷ್ಟ ಕಾರಣ ಮತ್ತು ಕಾಲಮಿತಿ ಇದ್ದಾಗ ಮಾತ್ರ ಇಲ್ಲಿ ಕ್ಯಾಮೆರಾ ಸಮರ್ಥನೀಯ. ಬಟ್ಟೆ ಬದಲಿಸುವಾಗ, ಮೈ ಒರೆಸುವಾಗ, ವೈದ್ಯರು ಪರೀಕ್ಷಿಸುವಾಗ ಅದನ್ನು ಮುಚ್ಚುವ ಅಥವಾ ನಿಲ್ಲಿಸುವ ಸೌಕರ್ಯವಿರಬೇಕು.
• ನಿಷಿದ್ಧ ವಲಯ: ಸ್ನಾನಗೃಹ, ಶೌಚಾಲಯ, ಬಟ್ಟೆ ಬದಲಿಸುವ ಸ್ಥಳ. ಬೀಳುವ ಅಪಾಯ ಇಲ್ಲಿಯೇ ಹೆಚ್ಚಾಗಿದ್ದರೂ ಕ್ಯಾಮೆರಾ ಇಲ್ಲಿ ಸಲ್ಲದು. ಹಿಡಿಕಂಬಿ, ಜಾರದ ನೆಲಹಾಸು, ಕೈಗೆಟಕುವ ಕರೆಗಂಟೆ, ಹೊರಗಿನಿಂದಲೂ ತೆರೆಯಬಹುದಾದ ಚಿಲಕ ಇವು ಇಲ್ಲಿ ಸೂಕ್ತ ಉಪಾಯಗಳು.

ಧ್ವನಿಮುದ್ರಣವನ್ನು ಪ್ರತ್ಯೇಕವಾಗಿ ಪರಿಗಣಿಸಬೇಕು. ಮಗಳೊಂದಿಗಿನ ದೂರವಾಣಿ ಮಾತು, ವೈದ್ಯರ ಮುಂದೆ ಹೇಳಿಕೊಂಡ ನೋವು, ಸಹನಿವಾಸಿಯೊಂದಿಗಿನ ಹರಟೆ ಎಲ್ಲವೂ ಅದರಲ್ಲಿ ಸೇರುವುದರಿಂದ ಧ್ವನಿಯನ್ನು ನಿಲ್ಲಿಸಿಡುವುದು ವಾಡಿಕೆಯಾಗಬೇಕೆಂಬ ಅಭಿಪ್ರಾಯವಿದೆ.

ಸಂಗ್ರಹ ಮತ್ತು ದುರ್ಬಳಕೆ

ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ದಾಖಲಿಸುವ ಒಂದು ಕ್ಯಾಮೆರಾ ದಿನವೊಂದಕ್ಕೆ ಸುಮಾರು 21.6 ಗಿಗಾಬೈಟ್ ದೃಶ್ಯವನ್ನು ಸಂಗ್ರಹಿಸುತ್ತದೆ. ಎಂಟು ಕ್ಯಾಮೆರಾಗಳ 30 ದಿನಗಳ ದಾಖಲೆಗೆ ಸುಮಾರು 5,200 ಗಿಗಾಬೈಟ್ ಸ್ಥಳ ಬೇಕು. ಸಂಗ್ರಹ ತುಂಬಿದಾಗ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುವುದರಿಂದ, ಘಟನೆಯ ಬಗ್ಗೆ ದೂರು ಬಂದ ಕೂಡಲೇ ಆ ಭಾಗವನ್ನು ಬೇರ್ಪಡಿಸಿ ಕಾಪಾಡುವುದು ಅಗತ್ಯ. ನ್ಯಾಯಾಲಯದಲ್ಲಿ ಅದರ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಪ್ರಕರಣದಂತೆ ಪ್ರಮಾಣಪತ್ರ ಬೇಕಾಗುತ್ತದೆ.

ದೃಶ್ಯಗಳು ಸೋರಿಹೋಗುವ ಅಪಾಯವು ಕಾಲ್ಪನಿಕವಲ್ಲ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮಹಿಳೆಯರ ತಪಾಸಣೆಯ ಸಿಸಿಟಿವಿ ದೃಶ್ಯಗಳು ಅಂತರ್ಜಾಲದಲ್ಲಿ ಮಾರಾಟವಾಗುತ್ತಿದ್ದುದು ಬೆಳಕಿಗೆ ಬಂದು ಬಂಧನಗಳಾದವು. ಸುಲಭವಾಗಿ ಊಹಿಸಬಹುದಾದ ಗುಪ್ತಪದ ಆ ಕಳವಿಗೆ ದಾರಿಯಾಗಿತ್ತು. ತಪಾಸಣಾ ಕೋಣೆಯಲ್ಲಿ ಕ್ಯಾಮೆರಾವೇ ಇಲ್ಲದಿದ್ದರೆ ಕದಿಯಲು ದೃಶ್ಯವೂ ಇರುತ್ತಿರಲಿಲ್ಲ ಎಂಬುದು ಈ ಪ್ರಕರಣದ ಮುಖ್ಯ ಪಾಠ. ಕಂಪನಿಯ ಮೂಲ ಗುಪ್ತಪದವನ್ನು ಬದಲಿಸುವುದು, ನೋಡುವ ಅಧಿಕಾರವನ್ನು ಇಬ್ಬರು ಅಥವಾ ಮೂವರಿಗೆ ಸೀಮಿತಗೊಳಿಸುವುದು, ಯಾರು ಯಾವಾಗ ಏಕೆ ನೋಡಿದರು ಎಂಬ ದಾಖಲೆ ಪುಸ್ತಕ ಇಡುವುದು ಮತ್ತು ಅವಧಿ ಮುಗಿದ ದೃಶ್ಯಗಳನ್ನು ಅಳಿಸುವುದು ಕನಿಷ್ಠ ಎಚ್ಚರಿಕೆಗಳು. ಸುರಕ್ಷತೆಗೆಂದು ಸಂಗ್ರಹಿಸಿದ ದೃಶ್ಯಗಳನ್ನು ದೇಣಿಗೆ ಕೋರುವ ಪ್ರಚಾರಕ್ಕೆ ಅಥವಾ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಳಸುವುದು ಉದ್ದೇಶದ ಉಲ್ಲಂಘನೆಯಾಗುತ್ತದೆ.

ಹಾವೇರಿ ಜಿಲ್ಲೆಯ ಸಂದರ್ಭ

ಹಾವೇರಿ ಜಿಲ್ಲೆಯು 1997ರ ಆಗಸ್ಟ್ 24ರಂದು ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ಈ ಜಿಲ್ಲೆಯ ಕೃಷಿಪ್ರಧಾನ ತಾಲ್ಲೂಕುಗಳು. ಇಂತಹ ಪ್ರದೇಶಗಳಲ್ಲಿ ಮಹಾನಗರದ ದುಬಾರಿ ಹಿರಿಯರ ವಸತಿ ಸಮುಚ್ಚಯಗಳ ಪದ್ಧತಿಯನ್ನು ಹಾಗೆಯೇ ಅನುಸರಿಸಲಾಗದು. ಕೇಂದ್ರ ಸರ್ಕಾರದ ನೆರವಿನ ಯೋಜನೆಯಲ್ಲಿ ಹಿರಿಯ ನಾಗರಿಕರ ಗೃಹಕ್ಕೆ 25 ನಿವಾಸಿಗಳ ಪ್ರಮಾಣವಿದೆ. ಈ ಗಾತ್ರದ ಆಶ್ರಮದಲ್ಲಿ ಪ್ರತ್ಯೇಕ ಕೋಣೆಗಳಿಗಿಂತ ಸಾಮೂಹಿಕ ಶಯನಾಲಯವಿದ್ದರೆ, ಮಧ್ಯಮ ವಲಯದ ನಿಯಮಗಳೇ ಮುಖ್ಯವಾಗುತ್ತವೆ. ಶಯನಾಲಯದ ಒಳಗಿನ ಬದಲು ಅದರ ಬಾಗಿಲಿಗೆ ಕ್ಯಾಮೆರಾ ಹಾಕಿದರೆ, ರಾತ್ರಿ ಯಾರು ಎದ್ದು ಹೊರಬಂದರು, ಮರಳಿದರೇ ಇಲ್ಲವೇ ಎಂಬುದು ತಿಳಿಯುತ್ತದೆ. ಹಾಸಿಗೆಯ ಮೇಲಿನ ಬದುಕು ಮರೆಯಲ್ಲಿ ಉಳಿಯುತ್ತದೆ.

ಸ್ಥಳೀಯ ಮರ್ಯಾದೆಯ ಕಲ್ಪನೆಗಳಿಗೂ ಇಲ್ಲಿ ಮಹತ್ವವಿದೆ. ಪರಪುರುಷರೆದುರು ತಲೆಯ ಮೇಲೆ ಸೆರಗು ಹೊದೆಯುವ ವೃದ್ಧೆಗೆ, ಪರದೆಯ ಪದ್ಧತಿಯಲ್ಲಿ ಬಾಳಿದ ಮುಸ್ಲಿಂ ಮಹಿಳೆಗೆ, ಮಲಗುವ ಕೋಣೆಯ ಕ್ಯಾಮೆರಾವನ್ನು ಕಚೇರಿಯಲ್ಲಿ ಕುಳಿತ ಗಂಡಸು ನೋಡುತ್ತಾನೆ ಎಂಬುದೇ ನಿತ್ಯದ ಸಂಕೋಚವಾಗುತ್ತದೆ. ಮಹಿಳಾ ವಿಭಾಗದ ದೃಶ್ಯಗಳನ್ನು ಮಹಿಳಾ ಸಿಬ್ಬಂದಿಯೇ ನೋಡುವ ವ್ಯವಸ್ಥೆಯು ಇದಕ್ಕೆ ಭಾಗಶಃ ಪರಿಹಾರ. ನವಾಬರ ಸಂಸ್ಥಾನವಾಗಿದ್ದ ಸವಣೂರಿನಂತಹ ಊರಿನಲ್ಲಿ ಸೂಚನಾ ಫಲಕ ಮತ್ತು ಸಮ್ಮತಿ ಪತ್ರಗಳು ಕನ್ನಡದೊಂದಿಗೆ ಉರ್ದುವಿನಲ್ಲಿಯೂ ಇರುವುದು ಉಚಿತ. ಎರಡೂ ಭಾಷೆಗಳು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿದ್ದು, 2023ರ ಅಧಿನಿಯಮವು ಆ ಭಾಷೆಗಳಲ್ಲಿ ಸೂಚನೆ ಪಡೆಯುವ ಆಯ್ಕೆಯನ್ನು ಒದಗಿಸುತ್ತದೆ. ಓದಲು ಬಾರದವರಿಗೆ ಅದನ್ನು ಓದಿ ಹೇಳಿ, ಪರದೆಯ ಮೇಲೆ ಏನು ಕಾಣುತ್ತದೆ ಎಂಬುದನ್ನು ಪ್ರತ್ಯಕ್ಷ ತೋರಿಸಬೇಕಾಗುತ್ತದೆ.

ಹುಬ್ಬಳ್ಳಿ, ದಾವಣಗೆರೆ ಅಥವಾ ಬೆಂಗಳೂರಿನಲ್ಲಿ ನೆಲೆಸಿದ ಮಕ್ಕಳು ಮೊಬೈಲಿನಲ್ಲಿ ನೇರ ದೃಶ್ಯ ನೋಡಲು ಬಯಸುವುದು ಸಹಜ. ಆದರೆ ಸಾಮಾನ್ಯ ವಲಯದ ಕ್ಯಾಮೆರಾದಲ್ಲಿ ಒಬ್ಬರ ತಾಯಿಯೊಂದಿಗೆ ಇತರ ಎಲ್ಲ ನಿವಾಸಿಗಳೂ ಕಾಣುತ್ತಾರೆ. ಆದ್ದರಿಂದ ನೇರ ದೃಶ್ಯದ ಬದಲು ನಿಗದಿತ ಸಮಯದ ವಿಡಿಯೊ ಕರೆ ಮತ್ತು ಭೇಟಿಗಳು ಹೆಚ್ಚು ಸೂಕ್ತವೆಂದು ಪರಿಗಣಿಸಲಾಗುತ್ತದೆ.

ದೂರುಗಳ ವಿಷಯದಲ್ಲಿ ವ್ಯತ್ಯಾಸಗಳನ್ನು ತಿಳಿದಿರಬೇಕು. 2007ರ ಅಧಿನಿಯಮದ ನ್ಯಾಯಮಂಡಳಿಯು ಜೀವನಾಂಶ ಮತ್ತು ಆಸ್ತಿ ವರ್ಗಾವಣೆಯ ಅರ್ಜಿಗಳನ್ನು ವಿಚಾರಿಸುತ್ತದೆ. ಜಿಲ್ಲೆಯಲ್ಲಿ ಹಾವೇರಿ ಮತ್ತು ಸವಣೂರು ಎಂಬ ಎರಡು ಕಂದಾಯ ಉಪವಿಭಾಗಗಳಿವೆ. ಆಶ್ರಮದ ಆಡಳಿತ ಮತ್ತು ಆರೈಕೆಯ ಬಗೆಗಿನ ದೂರನ್ನು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಅಧಿಕಾರಿಗೆ ಅಥವಾ ಜಿಲ್ಲಾಧಿಕಾರಿಗೆ ಸಲ್ಲಿಸಬಹುದು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567, ಕಾನೂನು ನೆರವಿನ ಸಹಾಯವಾಣಿ 15100. ಹಲ್ಲೆ ಅಥವಾ ಅಶ್ಲೀಲ ಚಿತ್ರೀಕರಣ ನಡೆದಿದ್ದರೆ ಪೊಲೀಸರಿಗೆ, ತುರ್ತು ಸಂಖ್ಯೆ 112ಕ್ಕೆ, ತಿಳಿಸಬೇಕು.

ಇತರ ದೇಶಗಳಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ರಾಜ್ಯವು 2001ರಲ್ಲಿಯೇ ನಿವಾಸಿಯ ಕೋಣೆಯ ಕ್ಯಾಮೆರಾ ಕುರಿತು ಕಾನೂನು ರೂಪಿಸಿತು. ಇಲಿನಾಯ್ ರಾಜ್ಯದ ಕಾನೂನು 2016ರಲ್ಲಿ, ಮಿನೆಸೋಟ ರಾಜ್ಯದ ಕಾನೂನು 2020ರಲ್ಲಿ ಜಾರಿಗೆ ಬಂದವು. ನಿವಾಸಿಯ ಅಥವಾ ಪ್ರತಿನಿಧಿಯ ಲಿಖಿತ ಸಮ್ಮತಿ, ಸಹನಿವಾಸಿಯ ಸಮ್ಮತಿ ಮತ್ತು ಕ್ಯಾಮೆರಾ ಇಟ್ಟಿದ್ದಕ್ಕಾಗಿ ನಿವಾಸಿಗೆ ಕಿರುಕುಳ ನೀಡದಿರುವುದು ಇಂತಹ ಕಾನೂನುಗಳ ಪ್ರಮುಖ ಅಂಶಗಳು.

ಇಂಗ್ಲೆಂಡಿನಲ್ಲಿ 2012ರಲ್ಲಿ ಮಗಳೊಬ್ಬಳು ತಾಯಿಯ ಕೋಣೆಯಲ್ಲಿ ಗುಪ್ತವಾಗಿರಿಸಿದ ಕ್ಯಾಮೆರಾದ ದೃಶ್ಯಗಳನ್ನು ಬಿಬಿಸಿ ಪ್ರಸಾರ ಮಾಡಿತು. ಹಲ್ಲೆ ನಡೆಸಿದ ಆರೈಕೆದಾರನಿಗೆ ಸೆರೆವಾಸವಾಯಿತು. ಬಳಿಕ ಅಲ್ಲಿನ ಆರೈಕೆ ಗುಣಮಟ್ಟ ಆಯೋಗವು ಕ್ಯಾಮೆರಾ ಬಳಕೆಯ ಬಗ್ಗೆ ಸಂಸ್ಥೆಗಳಿಗೂ ಕುಟುಂಬಗಳಿಗೂ ಮಾರ್ಗದರ್ಶನ ಪ್ರಕಟಿಸಿತು.

ದಕ್ಷಿಣ ಆಸ್ಟ್ರೇಲಿಯಾದಲ್ಲಿ 2021–22ರಲ್ಲಿ ಎರಡು ಸರ್ಕಾರಿ ಆರೈಕೆ ಗೃಹಗಳಲ್ಲಿ ಕೃತಕ ಬುದ್ಧಿಮತ್ತೆಯ ಕ್ಯಾಮೆರಾಗಳನ್ನು ಪ್ರಾಯೋಗಿಕವಾಗಿ ಅಳವಡಿಸಲಾಯಿತು. ವರ್ಷವೊಂದರಲ್ಲಿ 12,000ಕ್ಕೂ ಹೆಚ್ಚು ಎಚ್ಚರಿಕೆಗಳು ಬಂದವು. ಅವುಗಳಲ್ಲಿ ಹೆಚ್ಚಿನವು ಸುಳ್ಳಾಗಿದ್ದು, ಸಿಬ್ಬಂದಿಯ ಹೊರೆ ಹೆಚ್ಚಿತೆಂದು ಮೌಲ್ಯಮಾಪನದಲ್ಲಿ ಕಂಡುಬಂತು.

ಪರ್ಯಾಯ ಸಾಧನಗಳು

ಚಿತ್ರ ತೆಗೆಯದೆಯೇ ಅಪಾಯವನ್ನು ತಿಳಿಸುವ ಸಾಧನಗಳಿವೆ. ಹಾಸಿಗೆಯಿಂದ ಎದ್ದಾಗ ಗಂಟೆ ಬಾರಿಸುವ ಒತ್ತಡದ ಹಾಸು, ಬಾಗಿಲು ತೆರೆದರೆ ಸೂಚಿಸುವ ಸಂವೇದಕ, ಕೊರಳಲ್ಲಿ ಧರಿಸುವ ತುರ್ತು ಗುಂಡಿ, ಆಕೃತಿಯನ್ನು ಮಾತ್ರ ಗ್ರಹಿಸುವ ರಾಡಾರ್ ಇವುಗಳಲ್ಲಿ ಕೆಲವು. ಇವುಗಳ ಜೊತೆಗೆ ರಾತ್ರಿಯ ಮಂದ ಬೆಳಕು, ಎರಡು ಗಂಟೆಗೊಮ್ಮೆ ಸಿಬ್ಬಂದಿಯ ಸುತ್ತು, ಪೂರ್ವಸೂಚನೆಯಿಲ್ಲದ ತಪಾಸಣೆ, ಕುಟುಂಬದವರ ಮುಕ್ತ ಭೇಟಿ ಮತ್ತು ನಿವಾಸಿಗಳ ಸಮಿತಿ ಇವು ಉಪಕರಣವಿಲ್ಲದ ಕಣ್ಗಾವಲುಗಳು.

ಕ್ಯಾಮೆರಾ ಅಳವಡಿಕೆಯನ್ನು ವರ್ಷಕ್ಕೊಮ್ಮೆಯಾದರೂ ಮರುಪರಿಶೀಲಿಸುವುದು ಅಗತ್ಯ. ಆ ಅವಧಿಯಲ್ಲಿ ಅದರಿಂದ ಯಾವ ಅಪಾಯ ತಪ್ಪಿತು, ಯಾವ ದೂರು ಇತ್ಯರ್ಥವಾಯಿತು, ಯಾವ ನಿವಾಸಿಗೆ ಮುಜುಗರವಾಯಿತು ಎಂಬುದನ್ನು ನಿವಾಸಿಗಳನ್ನೇ ಕೇಳಿ ದಾಖಲಿಸಬಹುದು. ಉಪಯೋಗಕ್ಕೆ ಬಾರದ ಕ್ಯಾಮೆರಾವನ್ನು ತೆಗೆದುಹಾಕುವುದೂ ಈ ಪರಿಶೀಲನೆಯ ಭಾಗವೇ ಆಗಿದೆ.